ಹಳೇ ಬಾಸ್ ಫೋನಿನಲ್ಲಿ ನನ್ನ ಬಗ್ಗೆ ಏನು ಹೇಳ್ತಿದ್ದಾರೆ ಅಂತ ತಿಳಿಯೋದು ಹೇಗೆ? (ಪರ್ಚೇಸ್ ಕೆಲಸ, ಪೀಣ್ಯ)

ಹಾಸನದ ಡಿಪ್ಲೊಮಾ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಾನು ಪರ್ಚೇಸ್‌ನವನು. ಮೆಕ್ಯಾನಿಕಲ್ ಡಿಪ್ಲೊಮಾ. ಪೀಣ್ಯ ಎರಡನೇ ಹಂತದಲ್ಲಿ ಒಂದು ಆಟೊ ಕಾಂಪೊನೆಂಟ್ ಕಂಪನಿಯಲ್ಲಿ ಏಳು ವರ್ಷ ಇದ್ದೆ. ಬಾರ್ ಸ್ಟಾಕ್, ಇನ್ಸರ್ಟ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಜಾಬ್‌ವರ್ಕ್ ಎಲ್ಲ ನನ್ನ ಕೈಯಲ್ಲೇ ಇತ್ತು. ಹೆಸರು ಬೇಡ ಬಿಡಿ. ಮಾಲೀಕರು, ಅವರ ಭಾಮೈದ ಪ್ಲಾಂಟ್ ಹೆಡ್, ನೂರರ ಹತ್ತಿರ ಜನ. ಪೀಣ್ಯದಲ್ಲಿ ಅಂಥ ಕಂಪನಿ ಬೀದಿಗೆ ನಾಲ್ಕು ಸಿಗುತ್ತವೆ.

ಹೋದ ವರ್ಷ ಅಪ್ಪನಿಗೆ ಆಪರೇಷನ್ ಆಯಿತು, ಊರಿನಲ್ಲಿ ಇರಬೇಕಾಯಿತು. ಕೈಯಲ್ಲಿ ಬೇರೆ ಕೆಲಸ ಇಲ್ಲದೆಯೇ ಬಿಟ್ಟೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿದೆ. ರಿಲೀವಿಂಗ್ ಲೆಟರ್ ಕೊಟ್ಟರು. ಗ್ರಾಚ್ಯುಟಿ (ವರ್ಷಗಳ ಸೇವೆಗೆ ಬಿಡುವಾಗ ಕೊಡಬೇಕಾದ ದುಡ್ಡು) ಮಾತ್ರ ಬರಲಿಲ್ಲ. ಮೊದಲು 'ಆಡಿಟರ್ ಬರಲಿ' ಅಂದರು, ಆಮೇಲೆ 'ಮಾರ್ಚ್ ಕಳೀಲಿ' ಅಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕೊನೆಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ (ಲೇಬರ್ ಆಫೀಸ್) ಹೋಗಿ ಅರ್ಜಿ ಹಾಕಿದೆ. ನೋಟಿಸ್ ಹೋಯಿತು, ದುಡ್ಡು ಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಈಗ ಕೆಲಸ ಹುಡುಕುತ್ತಿದ್ದೇನೆ. ಇಂಟರ್‌ವ್ಯೂ ಎಲ್ಲ ಚೆನ್ನಾಗಿಯೇ ಆಗುತ್ತವೆ. ಸಂಬಳದ ಮಾತೂ ಮುಗಿಯುತ್ತದೆ. ಆಮೇಲೆ ಒಂದು ಫಾರ್ಮ್ ಕಳಿಸುತ್ತಾರೆ. ಅದರಲ್ಲಿ ಎರಡು ರೆಫರೆನ್ಸ್, ಹೆಸರು, ಹುದ್ದೆ, ಮೊಬೈಲ್ ನಂಬರ್. ನಾನು ಪ್ಲಾಂಟ್ ಹೆಡ್ ನಂಬರ್ ಬರೆಯುತ್ತೇನೆ, ಯಾಕೆಂದರೆ ನಾನು ರಿಪೋರ್ಟ್ ಮಾಡುತ್ತಿದ್ದದ್ದು ಅವರಿಗೇ. ಆಮೇಲೆ ಸದ್ದೇ ಇಲ್ಲ.

ದಾಬಸ್‌ಪೇಟೆಯ ಒಂದು ಕಂಪನಿಯ ಎಚ್‌ಆರ್ ಮೇಡಂ ಶುಕ್ರವಾರ ಫೋನ್ ಮಾಡಿ, ಕಂಪನಿ ಬಸ್ ಜಾಲಹಳ್ಳಿ ಕ್ರಾಸ್‌ಗೆ ಬೆಳಿಗ್ಗೆ 7.10ಕ್ಕೆ ಬರುತ್ತದೆ, ಶೂ ಸೈಜ್ ಎಷ್ಟು ಅಂತೆಲ್ಲ ಕೇಳಿದರು. ಸೋಮವಾರದಿಂದ ಅವರು ಫೋನ್ ಎತ್ತಲಿಲ್ಲ. ಬಿಡದಿಯಲ್ಲಿ ಇನ್ನೊಂದು ಕಡೆ 'ಮ್ಯಾನೇಜ್‌ಮೆಂಟ್ ಪೊಸಿಷನ್ ಹೋಲ್ಡ್ ಮಾಡಿದೆ' ಅಂದರು. ಅದೇ ಪೊಸಿಷನ್ ನೌಕ್ರಿ ವೆಬ್‌ಸೈಟ್‌ನಲ್ಲಿ ಇವತ್ತಿಗೂ ಇದೆ.

ಮೊನ್ನೆ ಹಳೇ ಪ್ಲೇಟಿಂಗ್ ವೆಂಡರ್ ಒಬ್ಬರು ಸಿಕ್ಕಿದ್ದರು. 'ನಿಮ್ ಬಗ್ಗೆ ಕೇಳಿದ್ರೆ ಅಲ್ಲಿ ಸುಮ್ನೆ ನಗ್ತಾರಂತೆ ಸರ್' ಅಂದರು. ನಗುತ್ತಾರೆ ಅಂದರೆ ಏನರ್ಥ?

ನನ್ನ ಪ್ರಶ್ನೆ: ಅವರು ಏನು ಹೇಳುತ್ತಿದ್ದಾರೆ ಅಂತ ತಿಳಿದುಕೊಳ್ಳಲು ದಾರಿ ಇದೆಯಾ? ಅವರ ನಂಬರ್ ಕೊಡದೇ ಇರಬಹುದಾ? ಹೆಂಡತಿ ಲೀಗಲ್ ನೋಟಿಸ್ ಕಳಿಸಿ ಅನ್ನುತ್ತಾಳೆ. ಭಾವ, ಹೋಗಿ ಕೈಮುಗಿದು ಬಾ ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆ ಆಗುತ್ತಿಲ್ಲ.

---

ಸಿಲ್ಕ್‌ಬೋರ್ಡ್ ಸಿಗ್ನಲ್:

ಬ್ರೋ, ಜಾಸ್ತಿ ತಲೆ ಕೆಡಿಸ್ಕೊಬೇಡಿ. ಎಚ್‌ಆರ್‌ಗಳು ಎಲ್ಲರಿಗೂ ಹೀಗೇ ಮಾಡೋದು. ಮಾರ್ಕೆಟ್ ಕೂಡ ಡಲ್ ಇದೆ. ಅಷ್ಟು ಡೌಟ್ ಇದ್ರೆ ಫ್ರೆಂಡ್ ನಂಬರ್ ಕೊಟ್ಟು ಅವರೇ ಮ್ಯಾನೇಜರ್ ಅಂತ ಹೇಳಿಸಿ. ಎಷ್ಟೋ ಜನ ಮಾಡ್ತಾರೆ.

---

ಶಾಪ್‌ಫ್ಲೋರ್ ಎಚ್‌ಆರ್:

ಮೇಲಿನ ಸಲಹೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ನಾನು ಹೀಗೆ ಒಬ್ಬ 'ಪ್ರೊಡಕ್ಷನ್ ಮ್ಯಾನೇಜರ್'ಗೆ ಫೋನ್ ಮಾಡಿದಾಗ ಟ್ರೂಕಾಲರ್‌ನಲ್ಲಿ 'ಮಂಜ ರೂಮ್‌ಮೇಟ್' ಅಂತ ಬಂದಿತ್ತು. ಆ ಹುಡುಗ ಕೆಲಸದಲ್ಲಿ ನಿಜಕ್ಕೂ ಚೆನ್ನಾಗಿದ್ದ. ಆದರೂ ಅಲ್ಲಿಗೇ ಮುಗಿಯಿತು.

ನಾನು ಫ್ಯಾಕ್ಟರಿ ಎಚ್‌ಆರ್. ಮೊದಲು ಪೀಣ್ಯ, ಆಮೇಲೆ ಬೊಮ್ಮಸಂದ್ರ, ಈಗ ನರಸಾಪುರದ ಕಡೆ. ಈ ಫೋನ್ ಕರೆಗಳನ್ನು ಮಾಡುವವಳೂ ನಾನೇ, ನಮ್ಮ ಹಳಬರ ಬಗ್ಗೆ ಕರೆ ಬಂದರೆ ಉತ್ತರ ಕೊಡುವವಳೂ ನಾನೇ. ನಿಮ್ಮ ಅನುಮಾನ ಸರಿ ಇರಬಹುದು ಅಂತಲೇ ನನಗೆ ಅನಿಸುತ್ತಿದೆ. ಶೂ ಸೈಜ್ ಕೇಳಿದ ಮೇಲೆ ಸುಮ್ಮನಾದರು ಅಂದರೆ ನಡುವೆ ಏನೋ ಆಗಿದೆ. ಸೇಫ್ಟಿ ಶೂ ಇಂಡೆಂಟ್ ಹಾಕಲು ಮನಸ್ಸು ಮಾಡಿದ ಮೇಲೆ ಸುಮ್ಮಸುಮ್ಮನೆ ಯಾರೂ ಹಿಂದೆ ಸರಿಯುವುದಿಲ್ಲ.

ಆದರೆ ನಿಮ್ಮ ಪ್ಲಾಂಟ್ ಹೆಡ್ ನಿಮ್ಮನ್ನು ಬೈದಿದ್ದಾರೆ ಅಂದುಕೊಂಡಿದ್ದರೆ ಅದು ತಪ್ಪು. ಯಾರೂ ಬೈಯುವುದಿಲ್ಲ. ಬೈದರೆ ಒಂದು ರೀತಿ ಒಳ್ಳೆಯದೇ, ಕೇಳುವವರಿಗೆ 'ಇವರಿಗೇನೋ ಕೋಪ' ಅಂತ ಗೊತ್ತಾಗುತ್ತದೆ. ನಿಜವಾದ ಕರೆ ಹೀಗಿರುತ್ತದೆ:

'ಸರ್, ನಿಮ್ಮಲ್ಲಿ ಪರ್ಚೇಸ್‌ನಲ್ಲಿ ಇದ್ರಲ್ಲ, ಅವರ ಬಗ್ಗೆ ಎರಡು ನಿಮಿಷ...'
'ಹಾಂ, ಇದ್ರು ಇದ್ರು.'
'ಕೆಲಸ ಹೇಗೆ ಸರ್?'
'ಕೆಲಸ ಎಲ್ಲ ಪರವಾಗಿಲ್ಲ.'
'ಮತ್ತೆ ಬಂದ್ರೆ ತಗೋತೀರಾ?'
'ಅದೂ... ನಮ್ದು ಈಗ ಬೇರೆಯವರು ಸೆಟ್ ಆಗಿದಾರೆ ಬಿಡಿ. ನೀವೇ ನೋಡ್ಕೊಳ್ಳಿ ಮೇಡಂ.'

ಅಷ್ಟೇ. ಇದರಲ್ಲಿ ಸುಳ್ಳು ಯಾವುದು, ಹೇಳಿ? ಒಂದೂ ಇಲ್ಲ. ಆದರೆ ಫೋನ್ ಇಟ್ಟ ಮೇಲೆ ನಾನು ನಮ್ಮ ಪ್ಲಾಂಟ್ ಹೆಡ್ ಕ್ಯಾಬಿನ್‌ಗೆ ಹೋಗಿ 'ರೆಫರೆನ್ಸ್ ಅಷ್ಟು ಸ್ಟ್ರಾಂಗ್ ಇಲ್ಲ ಸರ್' ಅನ್ನುತ್ತೇನೆ. ಅವರು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ 'ಸೆಕೆಂಡ್ ಯಾರಿದ್ರು?' ಅಂತ ಕೇಳುತ್ತಾರೆ. ಅಲ್ಲಿಗೆ ನಿಮ್ಮ ಫೈಲ್ ಮುಚ್ಚಿತು. ಯಾರೂ ನಿಮ್ಮನ್ನು ರಿಜೆಕ್ಟ್ ಮಾಡಿಲ್ಲ, ಎಲ್ಲೂ ಬರೆದಿಲ್ಲ. ಹಾಗಾಗಿ ನಿಮಗೆ ಹೇಳುವುದಕ್ಕೂ ನನ್ನ ಹತ್ತಿರ ಏನೂ ಇರುವುದಿಲ್ಲ. ಫೋನ್ ಎತ್ತದೇ ಇರುವುದು ನಾಚಿಕೆಗೆ. ಇನ್ನೊಂದು ಕಾರಣ ಭಯ. ನಾಳೆ ನೀವು ಬಂದು ಏನಾದರೂ ಎಡವಟ್ಟಾದರೆ ಮೊದಲ ಪ್ರಶ್ನೆ 'ರೆಫರೆನ್ಸ್ ಚೆಕ್ ಮಾಡಿದ್ದು ಯಾರು?' ಅಂತ. ನನ್ನ ಹೆಸರು ಬರುತ್ತದೆ. ಸೆಕೆಂಡ್ ಕ್ಯಾಂಡಿಡೇಟ್ ತೆಗೆದುಕೊಂಡರೆ ಯಾರೂ ನನ್ನನ್ನು ಕೇಳುವುದಿಲ್ಲ.

ನಿಮ್ಮ ವಿಷಯದಲ್ಲಿ ಇದು ಇನ್ನೂ ಜೋರಾಗಿ ಹೊಡೆಯುತ್ತದೆ, ಯಾಕೆಂದರೆ ನೀವು ಪರ್ಚೇಸ್. ಲೈನ್ ಸೂಪರ್‌ವೈಸರ್ ಬಗ್ಗೆ 'ಪರವಾಗಿಲ್ಲ' ಅಂದರೆ ನಾವು ತೆಗೆದುಕೊಂಡುಬಿಡುತ್ತೇವೆ. ಅವನ ಕೆಲಸ ದಿನಾ ಬೋರ್ಡ್ ಮೇಲೆ ಕಾಣುತ್ತದೆ. ಪರ್ಚೇಸ್‌ನವರ ಕೈಯಲ್ಲಿ ಕಂಪನಿಯ ದುಡ್ಡು ಇರುತ್ತದೆ. ಅವರ ಬಗ್ಗೆ ಯಾರಾದರೂ ಮಾತು ಅರ್ಧಕ್ಕೆ ನಿಲ್ಲಿಸಿದರೆ, ಕೇಳುವವರು ಉಳಿದರ್ಧವನ್ನು 'ಕಮಿಷನ್' ಅಂತ ತಾವೇ ತುಂಬಿಕೊಳ್ಳುತ್ತಾರೆ. ಆ ನಗುವಿನ ಅರ್ಥವೂ ಇದೇ. ಇನ್ನೊಂದು ಮಾತು ಇದೆ, 'ಲೇಬರ್ ಆಫೀಸ್'. ಸಣ್ಣ ಕಂಪನಿಯ ಮಾಲೀಕರಿಗೆ ಅದು ಕಿವಿಗೆ ಬಿದ್ದರೆ ಸಾಕು. ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಹಕ್ಕು, ಮೂವತ್ತು ದಿನದೊಳಗೆ ಕೊಡಬೇಕು, ಇದು 1972ರ ಕಾಯ್ದೆಯಿಂದ ಬಂದದ್ದು. ನೀವು ಕೇಳಿದ್ದು ನಿಮ್ಮ ದುಡ್ಡು. ಆದರೂ ಕೇಳಿ ಪಡೆದವರನ್ನು 'ತಕರಾರಿನ ಮನುಷ್ಯ' ಅಂತ ಗುರುತು ಹಾಕುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಇದೊಂದು ಬದಲಾಗಿದ್ದನ್ನು ನಾನು ನೋಡಿಲ್ಲ.

ಏನು ಹೇಳುತ್ತಿದ್ದಾರೆ ಅಂತ ತಿಳಿಯುವುದು ಹೇಗೆ ಅಂದಿರಿ. ನಿಮ್ಮನ್ನು ಇಂಟರ್‌ವ್ಯೂಗೆ ಕಳಿಸಿದ ಕನ್ಸಲ್ಟೆಂಟ್ ಇದ್ದರೆ ಅವರಿಂದ ಶುರು ಮಾಡಿ. ಅವರ ಫೀ ಸಾಮಾನ್ಯವಾಗಿ ವರ್ಷದ ಸಂಬಳದ 8.33%, ಅಂದರೆ ನಿಮ್ಮ ಒಂದು ತಿಂಗಳ ಸಂಬಳ. ಅದು ಅವರ ಕೈ ತಪ್ಪಿದೆ. ಯಾಕೆ ತಪ್ಪಿತು ಅಂತ ಅವರು ಖಂಡಿತ ವಿಚಾರಿಸಿರುತ್ತಾರೆ.

ಕನ್ಸಲ್ಟೆಂಟ್ ಇಲ್ಲದಿದ್ದರೆ ದಾಬಸ್‌ಪೇಟೆ ಮೇಡಂಗೆ ವಾಟ್ಸಾಪ್ ಹಾಕಿ. ಮೇಲ್ ಬೇಡ, ಮೇಲ್‌ಗೆ ಯಾರೂ ನಿಜ ಬರೆಯುವುದಿಲ್ಲ. 'ಏನು ಹೇಳಿದರು' ಅಂತ ಕೇಳಲೇಬೇಡಿ. ಹೀಗೆ ಕೇಳಿ: 'ಮೇಡಂ, ಆ ಪೊಸಿಷನ್ ಬಗ್ಗೆ ಕೇಳ್ತಿಲ್ಲ. ಬೇರೆ ಕಡೆ ಫಾರ್ಮ್ ತುಂಬಬೇಕು. ನಿಮಗೆ ಕೊಟ್ಟ ರೆಫರೆನ್ಸ್ ನಂಬರನ್ನೇ ಅಲ್ಲೂ ಕೊಡಬಹುದಾ?' ನನಗೆ ಯಾರಾದರೂ ಹೀಗೆ ಕೇಳಿದರೆ ನಾನು ಉತ್ತರ ಕೊಡುತ್ತೇನೆ. 'ಬೇರೆ ನಂಬರ್ ಇದ್ರೆ ಕೊಡಿ' ಅನ್ನುತ್ತೇನೆ. ನಾನು ಯಾರ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ, ನಿಮಗೆ ಬೇಕಾದ್ದು ಸಿಕ್ಕಿತು.

ಸ್ನೇಹಿತನಿಂದ ಎಚ್‌ಆರ್ ಹಾಗೆ ಫೋನ್ ಮಾಡಿಸುವ ಐಡಿಯಾ ನಿಮಗೂ ಬಂದಿರುತ್ತದೆ. ಬೇಡ. ನಿಮ್ಮ ಪ್ಲಾಂಟ್ ಹೆಡ್ 'ಯಾವ ಕಂಪನಿ, ಯಾವ ಶೆಡ್, ಅಲ್ಲಿ ಪ್ಲಾಂಟ್ ಹೆಡ್ ಯಾರು' ಅಂತ ತಿರುಗಿ ಕೇಳಿದರೆ ನಿಮ್ಮ ಸ್ನೇಹಿತ ತಡವರಿಸುತ್ತಾರೆ. ಅಲ್ಲಿಯವರೆಗೆ ಬರೀ ನಗುತ್ತಿದ್ದವರು ಆಮೇಲೆ ಕಥೆ ಹೇಳಲು ಶುರು ಮಾಡುತ್ತಾರೆ.

ಈಗ ನಂಬರ್ ವಿಷಯ. ರೆಫರೆನ್ಸ್ ಅಂದರೆ ಬಾಸ್ ಮಾತ್ರ ಅಂತ ಯಾರು ಹೇಳಿದರು? ಪರ್ಚೇಸ್‌ನವರ ಕೆಲಸ ನೋಡಿದವರು ಎಷ್ಟು ಜನ ಇರುತ್ತಾರೆ! ಮೆಟೀರಿಯಲ್ ಟೈಮಿಗೆ ಬಂತಾ ಅಂತ ಸ್ಟೋರ್ಸ್ ಇನ್‌ಚಾರ್ಜ್‌ಗೆ ಗೊತ್ತು. ಬಂದದ್ದು ಸರಿಯಾಗಿತ್ತಾ ಅಂತ ಕ್ಯೂಎ (ಕ್ವಾಲಿಟಿ) ಹೆಡ್‌ಗೆ ಗೊತ್ತು. ಐಎಟಿಎಫ್ (ಆಟೊ ಕಂಪನಿಗಳ ಕ್ವಾಲಿಟಿ) ಆಡಿಟ್‌ನಲ್ಲಿ ವೆಂಡರ್ ಇವ್ಯಾಲ್ಯುಯೇಷನ್ ಫೈಲ್ ಹಿಡಿದು ಆಡಿಟರ್ ಮುಂದೆ ಕೂತವರು ನೀವೇ ಅಲ್ವಾ? ಆಗ ಪಕ್ಕದಲ್ಲಿ ಯಾರು ಕೂತಿದ್ದರು? ಕಸ್ಟಮರ್ ಕಡೆಯಿಂದ ಬರುತ್ತಿದ್ದ ಸಪ್ಲೈಯರ್ ಕ್ವಾಲಿಟಿ ಎಂಜಿನಿಯರ್ ಯಾರು? ಎಲ್ಲಕ್ಕಿಂತ ಮುಖ್ಯ, ಬಿಲ್ ಪಾಸ್ ಮಾಡುತ್ತಿದ್ದ ಅಕೌಂಟ್ಸ್ ಮ್ಯಾನೇಜರ್. ಅನುಮಾನ ಇರುವುದು ದುಡ್ಡಿನ ಬಗ್ಗೆ. ದುಡ್ಡು ನೋಡಿದವರೇ 'ಕ್ಲೀನ್ ಮನುಷ್ಯ, ಮೂರು ಕೊಟೇಷನ್ ಇಲ್ಲದೆ ಪರ್ಚೇಸ್ ಆರ್ಡರ್ ಕಳಿಸಿದ್ದೇ ಇಲ್ಲ' ಅಂದರೆ ನಿಮ್ಮ ಪ್ಲಾಂಟ್ ಹೆಡ್ ನಕ್ಕರೂ ಒಂದೇ, ಅತ್ತರೂ ಒಂದೇ. ಇವರಲ್ಲಿ ಯಾರಾದರೂ ಈಗಾಗಲೇ ಕಂಪನಿ ಬಿಟ್ಟಿದ್ದರೆ ಇನ್ನೂ ಒಳ್ಳೆಯದು, ಬಾಯಿಬಿಟ್ಟು ಮಾತಾಡುತ್ತಾರೆ.

ನಂಬರ್ ಕೊಡುವ ಮುಂಚೆ ಅವರಿಗೊಂದು ಮಾತು ಹೇಳಿ. ಯಾವ ಕಂಪನಿ, ಯಾವ ಹುದ್ದೆ, ಯಾವತ್ತು ಕರೆ ಬರಬಹುದು. ಇದನ್ನು ಮಾಡದೆ ಎಷ್ಟೋ ಜನ ಒಳ್ಳೆಯ ರೆಫರೆನ್ಸ್ ಹಾಳು ಮಾಡಿಕೊಳ್ಳುತ್ತಾರೆ. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಹೆಲ್ಮೆಟ್ ಒಳಗೆ ಫೋನ್ ತುರುಕಿಕೊಂಡು 'ಯಾರು? ಹಾಂ ಹಾಂ, ಗೊತ್ತು, ಒಳ್ಳೆ ಹುಡ್ಗ, ಆಮೇಲೆ ಮಾಡಿ' ಅಂದವರ ಮಾತನ್ನು ನಾನು ಫಾರ್ಮ್‌ನಲ್ಲಿ ಏನಂತ ಬರೆಯಲಿ?

ಪ್ಲಾಂಟ್ ಹೆಡ್ ನಂಬರ್ ಕೊಡದಿದ್ದರೆ ಅವರಿಗೆ ಕರೆ ಹೋಗುವುದಿಲ್ಲ ಅಂದುಕೊಳ್ಳಬೇಡಿ. ಹೋಗುತ್ತದೆ. ಪ್ಲಾಂಟ್ ಹೆಡ್‌ಗಳೆಲ್ಲ ಒಬ್ಬರಿಗೊಬ್ಬರು ಪರಿಚಯ. ಬಿಐಇಸಿಯಲ್ಲಿ ಇಮ್‌ಟೆಕ್ಸ್ ಮೆಷಿನ್ ಪ್ರದರ್ಶನ ನಡೆದಾಗ ಮೆಷಿನ್ ನೋಡುವುದು ಅರ್ಧ, ಯಾರು ಎಲ್ಲಿ ಬಿಟ್ಟರು ಅಂತ ಮಾತಾಡುವುದು ಅರ್ಧ. ಅದಕ್ಕೇ, ಹೊಸ ಕಂಪನಿಯವರ ಕಿವಿಗೆ ಬೀಳುವ ಮೊದಲು ನೀವೇ ಹೇಳಿಬಿಡಿ. ಸಂಬಳದ ಮಾತು ಮುಗಿದ ಮೇಲೆ, ಫಾರ್ಮ್ ತುಂಬುವ ಮುಂಚೆ: 'ಮೇಡಂ, ಒಂದು ವಿಷಯ. ಬಿಡುವಾಗ ಗ್ರಾಚ್ಯುಟಿ ತಡ ಆಯಿತು, ನಾನು ಅರ್ಜಿ ಕೊಟ್ಟು ತಗೊಂಡೆ. ಹಳೇ ಪ್ಲಾಂಟ್ ಹೆಡ್‌ಗೆ ಬೇಸರ ಇದೆ. ಕೆಲಸದ ಬಗ್ಗೆ ಕ್ಯೂಎ ಹೆಡ್ ಮತ್ತೆ ಅಕೌಂಟ್ಸ್‌ನವರನ್ನ ಕೇಳಿ.' ಇಷ್ಟು ಹೇಳಿ ನಿಲ್ಲಿಸಿ. ಅವರು ಹೇಗೆ ಸತಾಯಿಸಿದರು, ಭಾಮೈದ ಹೇಗೆ ಮಾತಾಡಿದ, ಅದೆಲ್ಲ ಬೇಡ. ನೀವು ಜಾಸ್ತಿ ಹೇಳಿದಷ್ಟೂ ತಕರಾರಿನ ಮನುಷ್ಯ ಅನ್ನುವುದನ್ನು ನೀವೇ ತೋರಿಸಿಕೊಟ್ಟ ಹಾಗಾಗುತ್ತದೆ.

ಲೀಗಲ್ ನೋಟಿಸ್ ಬಗ್ಗೆ ವಕೀಲರು ಯಾರಾದರೂ ಹೇಳಲಿ. ಕೈಮುಗಿಯುವುದಂತೂ ಬೇಡವೇ ಬೇಡ. ಮಾಲೀಕರಿಗೆ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ಅವರ ಮೂಲಕ ಒಂದು ಮಾತು ಹೇಳಿಸಿ. ಭಾಮೈದನಿಗಲ್ಲ, ಮಾಲೀಕರಿಗೆ. ಯಾರೇ ಕೇಳಿದರೂ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟು ಮಾತ್ರ ಹೇಳಿ ಅಂತ. ದೊಡ್ಡ ಕಂಪನಿಗಳಲ್ಲಿ ಬಹಳ ಕಡೆ ಪಾಲಿಸಿಯೇ ಹೀಗಿದೆ. ಮಾಲೀಕರಿಗೂ ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

---

ವೆರಿಫಿಕೇಶನ್ ಡೆಸ್ಕ್:

ಮೇಡಂ ಫೋನ್ ಕಥೆ ಹೇಳಿದರು. ನಾನು ಕಾಗದದ ಕಡೆಯವನು, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡುವ ಕಂಪನಿಯಲ್ಲಿ ಇದ್ದೇನೆ. ನೀವು ಮುಂದೆ ದೊಡ್ಡ ಕಂಪನಿಗೆ ಹೋದರೆ ನಮ್ಮಂಥವರ ಕೈಗೆ ಬರುತ್ತೀರಿ.

ನಾವು ಹಳೇ ಕಂಪನಿಗೆ ಕಳಿಸುವ ಫಾರ್ಮ್‌ನಲ್ಲಿ ಸೇರಿದ ತಾರೀಕು, ಬಿಟ್ಟ ತಾರೀಕು, ಹುದ್ದೆ, ಕೊನೆಯ ಸಂಬಳ, ಬಿಟ್ಟ ಕಾರಣ, ಯಾರಿಗೆ ರಿಪೋರ್ಟ್ ಮಾಡುತ್ತಿದ್ದರು, ಎಕ್ಸಿಟ್ ಫಾರ್ಮಾಲಿಟಿ ಮುಗಿದಿದೆಯಾ, ಇಷ್ಟಿರುತ್ತದೆ. ಕೊನೆಯಲ್ಲಿ ಒಂದು ಸಾಲು: 'ಎಲಿಜಿಬಲ್ ಫಾರ್ ರೀಹೈರ್'. ಹೌದು ಅಥವಾ ಇಲ್ಲ. ಮೇಲಿನದೆಲ್ಲ ಸರಿ ಇದ್ದು ಅಲ್ಲಿ 'ಇಲ್ಲ' ಅಂತ ಬಂದರೆ ನಮ್ಮ ರಿಪೋರ್ಟ್ ಹಸಿರಿನಿಂದ ಹಳದಿಗೆ ಹೋಗುತ್ತದೆ. ಕಾರಣ ಬರೆಯಿರಿ ಅಂತ ನಾವು ಕೇಳುತ್ತೇವೆ, ಬಹಳ ಜನ ಬರೆಯುವುದಿಲ್ಲ. ಕ್ಲೈಂಟ್ ಕಂಪನಿ ಅದನ್ನು ಹೇಗೆ ಓದುತ್ತದೆ ಅನ್ನುವುದು ಅವರಿಗೆ ಬಿಟ್ಟದ್ದು. ರಿಪೋರ್ಟ್ ನೆಗೆಟಿವ್ ಬಂತು ಅಂದರೆ ಯಾವ ಸಾಲು ಅಂತ ಕೇಳಿ, ದಾಖಲೆ ಕೊಟ್ಟು ಮತ್ತೆ ಚೆಕ್ ಮಾಡಿಸಿ ಅನ್ನಿ. ಮಾಡುತ್ತೇವೆ.

ನೀವು ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಪಿಎಫ್‌ನವರ ಇಪಿಎಫ್ಒ ಪೋರ್ಟಲ್‌ಗೆ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ನೋಡಿ. ಹಳೇ ಕಂಪನಿ ನಿಮ್ಮ ಬಿಟ್ಟ ದಿನಾಂಕ ಹಾಕಿದೆಯಾ? ಸಿಟ್ಟಿಗೋ ಸೋಮಾರಿತನಕ್ಕೋ ಹಾಕಿರುವುದಿಲ್ಲ. ಆಗ ನೀವು ಇನ್ನೂ ಅಲ್ಲೇ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. 2022ರಲ್ಲಿ ವಿಪ್ರೊ ಎರಡು ಕಡೆ ಕೆಲಸ ಮಾಡುತ್ತಿದ್ದ 300 ಜನರನ್ನು ತೆಗೆದ ಸುದ್ದಿ ಬಂತಲ್ಲ, ಅದಾದ ಮೇಲೆ ಯುಎಎನ್ (ಪಿಎಫ್ ನಂಬರ್) ನೋಡದೆ ಬಿಡುವ ಕಂಪನಿಗಳು ಕಡಿಮೆ. 2020ರ ಜನವರಿಯಿಂದ ಆ ತಾರೀಕನ್ನು ನೀವೇ ಹಾಕಿಕೊಳ್ಳಬಹುದು. ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಮೊಬೈಲ್ ಲಿಂಕ್ ಇರಬೇಕು. 'ಮ್ಯಾನೇಜ್' ಒಳಗೆ 'ಮಾರ್ಕ್ ಎಕ್ಸಿಟ್' ಅಂತ ಇರುತ್ತದೆ. ರಿಲೀವಿಂಗ್ ಲೆಟರ್‌ನಲ್ಲಿ ಇರುವ ತಾರೀಕನ್ನೇ ಹಾಕಿ. ಒಮ್ಮೆ ಹಾಕಿದ ಮೇಲೆ ತಿದ್ದುವುದು ತಲೆನೋವು.

ಫಾರ್ಮ್ 16, ಕೊನೆಯ ಸಂಬಳದ ಸ್ಲಿಪ್‌ಗಳು, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಹಳೇ ಕಂಪನಿ ಉತ್ತರವನ್ನೇ ಕೊಡದಿದ್ದರೆ ನಾವು ಇವನ್ನೇ ಕೇಳುವುದು.

---

ಕುಂದಾಪ್ರದ ನರ್ಸ್:

ನಾನೀಗ ಅಬುಧಾಬಿಯಲ್ಲಿ ಇರುವುದು. ಇಲ್ಲಿಗೆ ಬರುವ ಮೊದಲು ಡೇಟಾಫ್ಲೋ ಅಂತ ಒಂದು ಉಂಟು. ನಮ್ಮ ಡಿಗ್ರಿ, ನರ್ಸಿಂಗ್ ಕೌನ್ಸಿಲ್ ನೋಂದಣಿ, ಹಳೇ ಆಸ್ಪತ್ರೆಯ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಎಲ್ಲವನ್ನೂ ಅವರು ಕೊಟ್ಟವರಿಗೇ ಕಳಿಸಿ 'ಇದು ನಿಮ್ಮದೇ ಹೌದಾ' ಅಂತ ಕೇಳುತ್ತಾರೆ. ಉತ್ತರ ಬರದಿದ್ದರೆ 'ಅನ್‌ಏಬಲ್ ಟು ವೆರಿಫೈ' (ಖಚಿತ ಮಾಡಲು ಆಗಲಿಲ್ಲ) ಅಂತ ಬರುತ್ತದೆ. ಅದೂ ಸಾಕು ಮಾರಾಯ್ರೆ, ಲೈಸೆನ್ಸ್ ಅಲ್ಲಿಗೇ ನಿಲ್ಲುತ್ತದೆ.

ನನ್ನ ಹಳೇ ಆಸ್ಪತ್ರೆಯಿಂದ ಉತ್ತರ ಬರಲೇ ಇಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ನನ್ನ ಮೇಲೆ ಸಿಟ್ಟು ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು. ತಮ್ಮನನ್ನು ಅಲ್ಲಿಗೇ ಕಳಿಸಿದೆ. ನೋಡಿದರೆ ಲೆಟರ್‌ಹೆಡ್‌ನಲ್ಲಿ ಇದ್ದ ಮೇಲ್ ಐಡಿಯ ಪಾಸ್‌ವರ್ಡ್ ಗೊತ್ತಿದ್ದ ಕ್ಲರ್ಕ್ ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲ ಆಗಿತ್ತು. ಆ ಡಬ್ಬಿ ತೆರೆಯುವವರೇ ಇರಲಿಲ್ಲ. ಸೂಪರಿಂಟೆಂಡೆಂಟ್ ಮೇಡಂ ತಾವೇ ಕೂತು ಬೇರೆ ಐಡಿಯಿಂದ ಉತ್ತರ ಬರೆಸಿದರು. ನಿಮ್ಮದು ಹಾಗೇ ಅಂತ ಅಲ್ಲ. ಆದರೆ ಹಳೇ ಕಂಪನಿಗೆ ಮೇಲ್ ಹೋದರೆ ಓದುವವರು ಯಾರು ಅಂತ ಒಮ್ಮೆ ವಿಚಾರಿಸಿ.

---

ಕರಿಕೋಟು ತುಮಕೂರು:

ನೋಟಿಸ್ ವಿಷಯ. ಮಾನಹಾನಿ ಈಗ ಹೊಸ ದಂಡ ಸಂಹಿತೆ ಬಿಎನ್‌ಎಸ್‌ನ ಸೆಕ್ಷನ್ 356, ಮೊದಲು ಹಳೇ ಐಪಿಸಿಯ 499. ಎರಡರಲ್ಲೂ ವಿನಾಯಿತಿಗಳ ಪಟ್ಟಿ ಇದೆ. ತನ್ನ ಅಥವಾ ಇನ್ನೊಬ್ಬರ ಹಿತ ಕಾಯಲು ಸದುದ್ದೇಶದಿಂದ ಆಡಿದ ಮಾತು ಅದರಲ್ಲಿ ಬರುತ್ತದೆ. 'ಕೇಳಿದರು, ನನಗೆ ಅನಿಸಿದ್ದು ಹೇಳಿದೆ' ಅಂತ ಅವರು ಅನ್ನುತ್ತಾರೆ. ಮೇಲಾಗಿ ಮೇಡಂ ಬರೆದ ಹಾಗೆ 'ನೀವೇ ನೋಡ್ಕೊಳ್ಳಿ' ಅಂದದ್ದಕ್ಕೆ ನಾನು ಯಾವ ಕೇಸ್ ಹಾಕಲಿ? ಆ ಕರೆ ಮಾಡಿದ ಎಚ್‌ಆರ್ ಕೋರ್ಟಿಗೆ ಬಂದು ಸಾಕ್ಷಿ ಹೇಳುತ್ತಾರಾ?

2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿ ನಿಮ್ಮ ಮಾಹಿತಿ ಕೇಳುವ ಹಕ್ಕು ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಗೆ 18 ತಿಂಗಳ ಅವಧಿ ಇಟ್ಟಿದ್ದಾರೆ. ಅದು ಡಿಜಿಟಲ್ ದಾಖಲೆಗೆ ಮಾತ್ರ. ಬಾಯಿಮಾತಿಗೆ ಹತ್ತುವುದಿಲ್ಲ.

ಬರಹದಲ್ಲಿ ಸುಳ್ಳು ಸಿಕ್ಕರೆ, ಉದಾಹರಣೆಗೆ 'ಕಳ್ಳತನಕ್ಕೆ ತೆಗೆದೆವು' ಅಂತ ಮೇಲ್ ಮಾಡಿದ್ದರೆ, ಆಗ ಬನ್ನಿ. ನಿಮ್ಮ ಕೈಯಲ್ಲಿರುವ ರಿಲೀವಿಂಗ್ ಲೆಟರ್ ಆಗ ದೊಡ್ಡ ಆಧಾರ. ಈಗ ನೋಟಿಸ್ ಕಳಿಸಿದರೆ 'ನೋಡಿ, ಮತ್ತೆ ಕೇಸ್' ಅನ್ನಲು ಅವರಿಗೆ ನೀವೇ ದಾಖಲೆ ಕೊಟ್ಟ ಹಾಗೆ.

---

ಹಾಸನದ ಡಿಪ್ಲೊಮಾ:

ಎಲ್ಲರಿಗೂ ಥ್ಯಾಂಕ್ಸ್. ಇಪಿಎಫ್‌ನಲ್ಲಿ ತಾರೀಕು ಹಾಕಿರಲಿಲ್ಲ! ಇವತ್ತು ನಾನೇ ಹಾಕಿದೆ.

ಬಿಡದಿ ಕಂಪನಿಗೆ ಕಳಿಸಿದ್ದ ಕನ್ಸಲ್ಟೆಂಟ್‌ಗೆ ಫೋನ್ ಮಾಡಿದೆ. ಮೊದಲು ಅದೂ ಇದೂ ಅಂದರು. ಆಮೇಲೆ, 'ಕೆಲಸದ ಬಗ್ಗೆ ಕಂಪ್ಲೇಂಟ್ ಇಲ್ವಂತೆ, ಏನೋ ಲೇಬರ್ ಇಷ್ಯೂ ಅಂದ್ರಂತೆ' ಅಂದರು. ಅವರು ಕಮಿಷನ್ ಅಂತ ಹೇಳಿರಬಹುದು ಅಂತ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ. ಇದನ್ನು ಕೇಳಿ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಮೈ ಉರಿಯಿತು. ನನ್ನ ದುಡ್ಡು ನಾನು ಕೇಳಿದ್ದು ಇಷ್ಯೂ ಹೇಗಾಗುತ್ತದೆ?

ಮೇಡಂ, ಗುರುವಾರ ಹೊಸಕೋಟೆ ಕಡೆ ಒಂದು ಕಂಪನಿಯಲ್ಲಿ ಫೈನಲ್ ರೌಂಡ್ ಇದೆ. ಅಕೌಂಟ್ಸ್ ಮ್ಯಾನೇಜರ್ ಒಳ್ಳೆಯವರು, ಆದರೆ ಇನ್ನೂ ಅಲ್ಲೇ ಕೆಲಸದಲ್ಲಿ ಇದ್ದಾರೆ. 'ನನ್ ಹೆಸರು ಬೇಡಪ್ಪಾ' ಅಂದರು. ಕ್ಯೂಎ ಹೆಡ್ ಬಿಟ್ಟು ಹೋಗಿ ಬೇರೆ ಕಡೆ ಇದ್ದಾರೆ, ಅವರನ್ನು ಇನ್ನೂ ಕೇಳಿಲ್ಲ. ಫಾರ್ಮ್‌ನಲ್ಲಿ 'ರಿಪೋರ್ಟಿಂಗ್ ಮ್ಯಾನೇಜರ್' ಅಂತ ಕಾಲಂ ಇದ್ದೇ ಇರುತ್ತದಲ್ಲ, ಅದಕ್ಕೆ ಏನು ಬರೆಯಲಿ?

---

ಶಾಪ್‌ಫ್ಲೋರ್ ಎಚ್‌ಆರ್:

ಕಾಲಂನಲ್ಲಿ ನಿಜವಾದ ಹೆಸರೇ ಬರೆಯಿರಿ. ಖಾಲಿ ಬಿಟ್ಟರೆ ಅದನ್ನೇ ಮೊದಲು ಕೇಳುತ್ತಾರೆ. ನಂಬರ್ ಜಾಗದಲ್ಲಿ ಅವರ ಮೊಬೈಲ್ ಬೇಡ, ಕಂಪನಿಯ ಲ್ಯಾಂಡ್‌ಲೈನ್ ಮತ್ತು ಆಫೀಸ್ ಮೇಲ್ ಐಡಿ ಹಾಕಿ. ಆಫೀಸ್ ಮೇಲ್‌ಗೆ ಬರೆದು ಕೇಳಿದರೆ ಮಾಲೀಕರೂ ನೋಡುತ್ತಾರೆ. ಬರಹದಲ್ಲಿ ಉತ್ತರ ಕೊಡುವಾಗ ಎಂಥವರೂ ತಾರೀಕು, ಹುದ್ದೆ ಬಿಟ್ಟು ಬೇರೆ ಬರೆಯಲು ಹಿಂದೆಮುಂದೆ ನೋಡುತ್ತಾರೆ. ರೆಫರೆನ್ಸ್ ಅಂತ ಕೇಳುವ ಎರಡು ಜಾಗಕ್ಕೆ ಕ್ಯೂಎ ಹೆಡ್ ಮತ್ತು ಕಸ್ಟಮರ್ ಕಡೆಯ ಎಂಜಿನಿಯರ್.

ಅಕೌಂಟ್ಸ್‌ನವರನ್ನು ಒತ್ತಾಯ ಮಾಡಬೇಡಿ. ಅವರ ಹೊಟ್ಟೆಪಾಡು ಅಲ್ಲಿದೆ. ಅವರ ಬದಲು, ನೀವಿದ್ದಾಗ ಇಂಟರ್ನಲ್ ಆಡಿಟ್‌ಗೆ ಬರುತ್ತಿದ್ದ ಸಿಎ ಆಫೀಸಿನವರು ಯಾರಾದರೂ ಪರಿಚಯ ಇದ್ದರೆ ಕೇಳಿ ನೋಡಿ. ಕಂಪನಿ ವಿಷಯ ಅವರು ಮಾತಾಡುವ ಹಾಗಿಲ್ಲ. ನಿಮ್ಮ ಫೈಲ್‌ಗಳು ಅಚ್ಚುಕಟ್ಟಾಗಿದ್ದವು ಅಂತ ಒಂದು ಮಾತು ಹೇಳಲು ಒಪ್ಪಬಹುದು, ಒಪ್ಪದೇನೂ ಇರಬಹುದು.

ಗ್ರಾಚ್ಯುಟಿ ಮಾತು ಗುರುವಾರ ಎಚ್‌ಆರ್ ಹತ್ತಿರ ಹೇಳಿ, ಮಾಲೀಕರ ಮುಂದೆ ಅವರಾಗಿ ಕೇಳಿದರೆ ಮಾತ್ರ. ಮೈ ಉರಿದದ್ದು ನನಗೆ ಅರ್ಥವಾಗುತ್ತದೆ. ಅದನ್ನು ಅಲ್ಲಿಗೆ ಒಯ್ಯಬೇಡಿ. 'ಲೇಬರ್ ಆಫೀಸ್‌ಗೆ ಹೋಗಿದ್ರಾ?' ಅಂತ ನೇರವಾಗಿ ಕೇಳಿದರೆ 'ಹೌದು ಸರ್, ಗ್ರಾಚ್ಯುಟಿಗೆ, ಸೆಟಲ್ ಆಯ್ತು' ಅನ್ನಿ. ಇಷ್ಟು ನೇರವಾಗಿ ಉತ್ತರ ಕೊಟ್ಟವರನ್ನು ನಮ್ಮ ಮಾಲೀಕರು ಒಮ್ಮೆ ನಗುತ್ತಾ ತೆಗೆದುಕೊಂಡದ್ದನ್ನು ನೋಡಿದ್ದೇನೆ. ಎಲ್ಲರೂ ಹಾಗೆ ಮಾಡುತ್ತಾರೆ ಅಂತ ಭರವಸೆ ಕೊಡಲಾರೆ.

ಕ್ಯೂಎ ಹೆಡ್‌ಗೆ ಇವತ್ತೇ ಫೋನ್ ಮಾಡಿ, ನಾಳೆಗೆ ಇಡಬೇಡಿ. ಶಿಫ್ಟ್‌ನಲ್ಲಿದ್ದರೆ ಸಂಜೆ ಆರರ ಮೇಲೆ.

---

ಹಾಸನದ ಡಿಪ್ಲೊಮಾ:

ಮಾಡಿದೆ ಮೇಡಂ. 'ಇದಕ್ಕೆ ಇಷ್ಟು ದಿನ ಬೇಕಿತ್ತೇನೋ' ಅಂತ ಬೈದರು. ನಂಬರ್ ಕೊಡು ಅಂದಿದ್ದಾರೆ. ಕಸ್ಟಮರ್ ಕಡೆಯವರು ಪುಣೆಗೆ ಹೋಗಿದ್ದಾರೆ, ಮೆಸೇಜ್ ಹಾಕಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಇಲ್ಲ.